ಕೊಸರು ಬೇಡದ ಹವಳ

ಹಿರಿಯೂರಿನಲ್ಲಿ ಕಾಳಕ್ಕನ ಹತ್ತಿರ ಕಡ್ಲೆಕಾಯಿ ಕೊಂಡವರು ಯಾರೂ ನಗುನಗುತ್ತಾ ಹೋಗಿದ್ದಿಲ್ಲ. ಪಾವಿಗೆ ತುಂಬುತ್ತಿದ್ದಳು, ಅಂಗೈಯಿಂದ ಪಾವಿನ ತಲೆ ಸವರುತ್ತಿದ್ದಳು, ಸವರಿದಾಗ ಬಿದ್ದ ಕಾಯಿಗಳನ್ನು ಒಂದೂ ಬಿಡದೆ ಹೆಕ್ಕಿ ಮತ್ತೆ ಬುಟ್ಟಿಗೇ ಹಾಕುತ್ತಿದ್ದಳು. ಕೊಂಡವರು ಪೊಟ್ಟಣ ಹಿಡಿದುಕೊಂಡು ಇನ್ನೂ ಒಂದು ಗಳಿಗೆ ನಿಂತಿರುತ್ತಿದ್ದರು. ಅಳತೆ ಆದಮೇಲೆ ಮೇಲೊಂದಿಷ್ಟು ಕೊಸರು ಹಾಕುವುದು ಲೋಕರೂಢಿ ತಾನೆ? ಸಂತೆಯಲ್ಲಿ ರಾಗಿ ಅಳೆಯುವವರು ಹಾಕುತ್ತಾರೆ, ಹಾಲಿನವರು ಹಾಕುತ್ತಾರೆ, ಹೂವಿನವಳು ಮೊಳ ಅಳೆದ ಮೇಲೂ ನಾಲ್ಕು ಬೆರಳು ಬಿಟ್ಟು ಹರಿಯುತ್ತಾಳೆ. ಕಾಳಕ್ಕ ಮಾತ್ರ ಹಾಕುತ್ತಿರಲಿಲ್ಲ. "ಏನಕ್ಕ, ಕೊಸರು ಇಲ್ವಾ?" ಅಂದರೆ, "ಅಳತೆ ಸರಿ ಐತಲ್ಲ, ಇನ್ನೇನು ಬೇಕು? ಹೋಗ್ರಿ" ಅನ್ನುತ್ತಿದ್ದಳು.

ಬಸ್ ಏಜೆಂಟ್ ತಿಪ್ಪಯ್ಯನಂತೂ ಅವಳ ಎದುರಿಗೇ ಹೇಳುತ್ತಿದ್ದ, "ಎಂಜಲು ಕೈಯಾಗೆ ಕಾಗೆ ಓಡ್ಸೋ ಪೈಕಿ ಅಲ್ಲ ಬಿಡು ನೀನು." ಅವಳು ಕೇಳಿಸದವಳ ಹಾಗೆ ಬುಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಕೇಳಿಸುತ್ತಿತ್ತು. ನೋವೂ ಆಗುತ್ತಿತ್ತು. ಹೇಳಿಕೊಂಡು ತಿರುಗುವ ಪೈಕಿಯೂ ಅವಳಲ್ಲ.

ಗಂಡ ಸಣ್ಣಪ್ಪ ಅದೇ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಗೋಲಿ ಸೋಡಾ ಮಾಡುತ್ತಿದ್ದ. ಹರಿಯಬ್ಬೆಯ ಕುರಿ ಮಂದೆಯ ಮನೆಯವನು, ಅಣ್ಣತಮ್ಮಂದಿರಿಗೆ ಕುರಿ ಬಿಟ್ಟುಕೊಟ್ಟು, ತೊಂಬತ್ತರ ಆಸುಪಾಸಿನಲ್ಲಿ ಒಂದು ಸೋಡಾ ಮಿಷನ್ನು, ಒಂದು ಗ್ಯಾಸ್ ಸಿಲಿಂಡರು ತಂದುಕೊಂಡು ಪೇಟೆಗೆ ಬಂದಿದ್ದ. ನೀರು ತುಂಬಿದ ಬಾಟಲಿ ಪೆಟ್ಟಿಗೆಯೊಳಗೆ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸಿದರೆ ಗ್ಯಾಸ್ ನೀರಿಗೆ ಕೂಡಿಕೊಂಡು ಗೋಲಿ ಬಾಟಲಿಯ ಕತ್ತಿಗೆ ಕಚ್ಚಿಕೊಳ್ಳುತ್ತದೆ. ಮಿಕ್ಕವರು ಎಷ್ಟು ಸುತ್ತು ಹಾಕುತ್ತಾರೋ ಅದರ ಮೇಲೆ ಇವನದು ಇನ್ನೆರಡು. ಕೊಸರು ಸುತ್ತು ಅಂತ ಅವನೇ ಹೆಸರಿಟ್ಟಿದ್ದ. ಒಂದು ಸಲ ಬಾಟಲಿ ಸಿಡಿದು ಹುಬ್ಬು ಹರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವನೇ ಮತ್ತೆ ಎರಡು ಸುತ್ತು ಜಾಸ್ತಿ ಹಾಕಿದ. ಚಳ್ಳಕೆರೆ ಕಡೆಯಿಂದ ಬಂದವರೂ ಅವನ ಸೋಡಾ ಕುಡಿದು, ಮೂಗು ಕಣ್ಣು ಎರಡರಲ್ಲೂ ನೀರು ತರಿಸಿಕೊಂಡು, "ಸೋಡಾ ಅಂದ್ರೆ ಇದಪ್ಪಾ!" ಅನ್ನುತ್ತಿದ್ದರು.

ಕಾಳಕ್ಕ ಅದನ್ನು ಒಂದು ಗುಟುಕೂ ಕುಡಿದವಳಲ್ಲ. "ಮಾರೋದನ್ನ ಮನೆಯೋರೇ ಕುಡುದ್ರೆ ಅಂಗ್ಡಿ ಯಾಕೆ ಇಡಬೇಕು?" ಅನ್ನುವುದು ಅವಳ ಲೆಕ್ಕ. ಜವನಗೊಂಡನಹಳ್ಳಿಯ ತವರಿನಲ್ಲಿ ಅವಳೇನು ಹೀಗಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಈ ಮಹರಾಯ ನೆಲದೊಳಗಿನ ಹಗೇವಿನಲ್ಲಿ ಕೂಡಿಟ್ಟಿದ್ದ ರಾಗಿಯನ್ನು ಬಂದವರಿಗೆಲ್ಲ ಮೊರದಲ್ಲಿ ಮೊಗೆಮೊಗೆದು ಕೊಟ್ಟು, ಬಿತ್ತನೆಗೆ ಬೀಜವಿಲ್ಲದೆ ತಲೆ ಮೇಲೆ ಕೈ ಹೊತ್ತು ಕೂತ. ಬಿಡುವವನು ಒಬ್ಬನಿದ್ದ ಮೇಲೆ ಹಿಡಿಯುವವಳು ಒಬ್ಬಳು ಬೇಡವೆ? ಅವತ್ತು ಬಿಗಿಯಾದ ಕೈ ಆಮೇಲೆ ಸಡಿಲವಾಗಲಿಲ್ಲ. ಮಗಳು ಮಮತಾಳನ್ನು ಹೊಳಲ್ಕೆರೆಗೆ ಕೊಟ್ಟು ಮದುವೆ ಮಾಡಿದ್ದೂ ಅದೇ ಕೈ. ಊರಿನವರಿಗೆ ಕಂಡದ್ದು ಮಾತ್ರ ಸವರಿದ ಪಾವು.

ಪೇಟೆಗೆ ಪ್ಲಾಸ್ಟಿಕ್ ಬಾಟಲಿಯ ತಂಪು ನೀರುಗಳು ಬಂದವು. ಅಂಗಡಿಗೊಂದು ಫ್ರಿಜ್ಜು ಬಂತು. ರಸ್ತೆ ಅಗಲ ಮಾಡುವಾಗ ಇವರ ಅಂಗಡಿಯೂ ಹೋಯಿತು. ಸಾಮಾನು ಗುಡಿಸಲಿನ ಮುಂದೆ ಬಿಸಿಲಿಗೆ ಬಿದ್ದಿತ್ತು. ಅಂಥ ಹೊತ್ತಿನಲ್ಲಿ, ಎರಡು ಸಾವಿರದ ನಾಲ್ಕರಲ್ಲಿ, ಹೆದ್ದಾರಿ ಮಗ್ಗುಲಲ್ಲಿ ಹೊಸ ಹೋಟೆಲ್ ಹಾಕಿದ್ದ ರಘುನಾಥ್ ಸಣ್ಣಪ್ಪನಿಗೆ ಹೇಳಿ ಕಳಿಸಿದ.

ರಘುನಾಥನಿಗೆ ಒಂದು ಹುಚ್ಚು ಹತ್ತಿತ್ತು. ಮದ್ರಾಸಿನ ಯಾವುದೋ ದೊಡ್ಡ ಹೋಟೆಲಿನಲ್ಲಿ ಸಮುದ್ರದ ತೊಟ್ಟಿ ನೋಡಿಕೊಂಡು ಬಂದು ಅಂಥದ್ದೇ ಗಾಜಿನ ತೊಟ್ಟಿಯನ್ನು ಊಟದ ಕೋಣೆಯ ನಡುವೆ ಇಡಿಸಿದ್ದ. ಕಾರಿನವರು ಬಂದು ಉಚ್ಚೆ ಹೊಯ್ದು ಹೋಗುವ ಬದಲು ಅರ್ಧ ಗಂಟೆ ನಿಂತು ನೋಡಲಿ, ನೋಡುತ್ತಾ ಎರಡು ದೋಸೆ ತಿನ್ನಲಿ ಅಂತ. ಉಪ್ಪು ಪೊಟ್ಟಣದಲ್ಲಿ ಬಂತು, ಮೀನು ವಿಮಾನದಲ್ಲಿ ಬಂದವು. ಕಲ್ಲಿನ ಮೇಲೆ ಕೂತ ಜೀವಂತ ಹವಳ ಬಂತು. ಅದರಲ್ಲಿ ಒಂದು ನೇರಳೆ ಬಣ್ಣದ್ದು, ಐದಾರು ಬೆರಳು ಮೇಲೆತ್ತಿದ ಕೈಯ ಹಾಗಿತ್ತು. ಜನ ಬಂದರೆ ಮೊದಲು ಅದರ ಮುಂದೆಯೇ ನಿಲ್ಲುತ್ತಿದ್ದರು.

ತೊಟ್ಟಿ ಜೋಡಿಸಲು ಬೆಂಗಳೂರಿನ ಮೀನಿನ ಅಂಗಡಿಯಿಂದ ಅಂಜನ್ ಎಂಬ ಹುಡುಗ ಬಂದಿದ್ದ. ಹವಳ ಬೆಳೆಯಬೇಕಾದರೆ ನೀರಿನಲ್ಲಿ ಸುಣ್ಣದಂಶ ಇರಬೇಕು, ಅದು ತಿನ್ನುತ್ತಾ ಹೋದಂತೆ ನಾವು ಕೊಡುತ್ತಾ ಹೋಗಬೇಕು, ಅದಕ್ಕೊಂದು ಯಂತ್ರ ಇದೆ, ಕ್ಯಾಲ್ಸಿಯಂ ರಿಯಾಕ್ಟರ್ ಅಂತ, ಅದಕ್ಕೆ ಸೋಡಾ ಗ್ಯಾಸ್ ಬೇಕು ಅಂದ. ಸೋಡಾ ಗ್ಯಾಸ್ ಅಂದಮೇಲೆ ಹಿರಿಯೂರಿನಲ್ಲಿ ಇನ್ಯಾರು? ಸಣ್ಣಪ್ಪ ಸಿಲಿಂಡರು ಹೊತ್ತು ಬಂದ. ಮಾತು ಹೀಗಾಯಿತು: ತೊಟ್ಟಿಯ ಗ್ಯಾಸು ಸಣ್ಣಪ್ಪನ ಜವಾಬ್ದಾರಿ, ಹೋಟೆಲಿನ ಮುಂದಿನ ಬೇವಿನ ಮರದ ಕೆಳಗಿನ ಜಾಗ ಸಣ್ಣಪ್ಪನ ಅಂಗಡಿಗೆ. ತೊಟ್ಟಿ ಇರುವ ತನಕ ಅಂಗಡಿ.

ಅಂಜನ್ ಯಂತ್ರ ಜೋಡಿಸುವಾಗ ಕಾಳಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಮೊಳಕಾಲೆತ್ತರದ ಒಂದು ಗಾಜಿನಂಥ ಕೊಳವೆ. ಅದರ ತುಂಬ ಸತ್ತ ಹವಳದ ಚೂರು. ಕೆಳಗೊಂದು ಪುಟ್ಟ ಪಂಪು ನೀರನ್ನು ಒಳಗೇ ತಿರುಗಿಸುತ್ತದೆ. ಸಿಲಿಂಡರಿನಿಂದ ಗ್ಯಾಸು ಒಂದು ಸಣ್ಣ ತಿರುಪಿನ ಮೂಲಕ ಗುಳ್ಳೆ ಗುಳ್ಳೆಯಾಗಿ ಹೋಗಿ ಆ ನೀರನ್ನು ಹುಳಿ ಮಾಡುತ್ತದೆ. ಹುಳಿ ನೀರು ಚೂರನ್ನು ಕರಗಿಸಿಕೊಂಡು ಹನಿಹನಿಯಾಗಿ ತೊಟ್ಟಿಗೆ ಬೀಳುತ್ತದೆ.

"ಹಂಡೆಗೆ ಕಟ್ಟಿದ ಬಿಳೀ ಹಕ್ಕಳೆ ಹುಣಸೆಹುಳಿ ಹಾಕಿ ತಿಕ್ಕುದ್ರೆ ಬಿಡ್ತೈತಲ್ಲ, ಹಂಗಾ?" ಅಂದಳು.

"ಹಂಗೇ ಅಕ್ಕ. ಹುಳಿ ಕಮ್ಮಿ ಆದ್ರೆ ಕರಗಲ್ಲ. ಜಾಸ್ತಿ ಆದ್ರೆ ಚೂರೆಲ್ಲ ರಾಡಿ ಆಗಿಬಿಡುತ್ತೆ, ತೊಟ್ಟಿ ನೀರೂ ಹುಳಿಯಾಗಿ ಮೀನು ಉಸಿರು ಕಟ್ಟಿ ಸಾಯ್ತವೆ." ಅವನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಗುಳ್ಳೆ ಎಣಿಸುವ ಗಾಜಿನ ಬಟ್ಟಲಿಗೆ ಕಣ್ಣಿಟ್ಟು, ನಿಮಿಷಕ್ಕೆ ಇಪ್ಪತ್ತು ಗುಳ್ಳೆ ಬರುವ ಹಾಗೆ ನಿಲ್ಲಿಸಿದ. "ಇದನ್ನ ಯಾರೂ ಮುಟ್ಟಬಾರದು ಸಣ್ಣಪ್ಪನವರೆ. ಎರಡು ದಿನ ಬಿಟ್ಟು ನೀರು ಪರೀಕ್ಷೆ ಮಾಡಿ, ಆಮೇಲೆ ನನ್ನ ಕೇಳಿ."

"ಗ್ಯಾಸಿನ ವಿಷ್ಯ ನನಗೆ ಹೇಳ್ತೀಯಾ ತಮ್ಮಾ?" ಅಂತ ಸಣ್ಣಪ್ಪ ನಕ್ಕ. ಸಿಲಿಂಡರಿಗೆ ಕುಂಕುಮ ಇಟ್ಟು ಊದಿನಕಡ್ಡಿ ಹಚ್ಚಿದ.

ಮಾರನೆಯ ಬೆಳಿಗ್ಗೆ ಊದಿನಕಡ್ಡಿ ಹಚ್ಚಿದವನು ಹಾಗೇ ತಿರುಪಿಗೆ ಕೈ ಹಾಕಿ ಒಂದಿಷ್ಟೇ ಇಷ್ಟು ಸಡಿಲ ಮಾಡಿದ. ಕಡ್ಲೆಕಾಯಿ ಹುರಿಯಲು ಇದ್ದಿಲು ಕೇಳಲು ಬಂದಿದ್ದ ಕಾಳಕ್ಕನ ಕಣ್ಣಿಗೆ ಅದು ಬಿತ್ತು.

"ಮುಟ್ಟಬ್ಯಾಡ ಅಂದಿಲ್ವಾ ಆ ಹುಡುಗ?"

"ಮುಟ್ಟಿಲ್ಲ ಕಣೇ, ಒಂಚೂರು ಕೊಸರು. ಪಾಪ, ಎಲ್ಲೋ ಸಮುದ್ರದಾಗಿದ್ದ ಜೀವ, ನಮ್ಮೂರಿಗೆ ಬಂದೈತೆ. ಅಳೆದೂ ಅಳೆದೂ ಅರೆಹೊಟ್ಟೆಗೆ ಇಡಾಕಾಗ್ತೈತಾ?"

ಕಾಳಕ್ಕ ಇದ್ದಿಲು ಇಸಿದುಕೊಂಡು ಹೊರಟಳು. ಕೊಸರಿನ ವಿಷಯ ಎತ್ತಿದರೆ ಕೊನೆಗೆ ಮಾತು ತನ್ನ ಪಾವಿಗೇ ಬಂದು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತಿತ್ತು. ಸಣ್ಣಪ್ಪ ದಿನಾ ಬೆಳಿಗ್ಗೆ ಊದಿನಕಡ್ಡಿಯ ಜೊತೆ ಕೊಸರು ಹಾಕಿದ. ತೊಟ್ಟಿ ಮೊದಮೊದಲು ಏನೂ ಅನ್ನಲಿಲ್ಲ. ಅವನಿಗೆ ಇನ್ನೂ ಧೈರ್ಯ ಬಂತು.

ಒಂದು ಬೆಳಿಗ್ಗೆ ಹೋಟೆಲ್ ಬಾಗಿಲು ತೆಗೆದರೆ, ಬಿಳಿ ಪಟ್ಟೆಯ ಕಿತ್ತಳೆ ಮೀನುಗಳು ನೀರಿನ ಮೇಲೆ ಬಾಯಿ ಬಿಟ್ಟುಕೊಂಡು ಗುಟುಕು ಗುಟುಕು ಅನ್ನುತ್ತಿದ್ದವು. ಎರಡು ಆಗಲೇ ಮಗುಚಿಕೊಂಡಿದ್ದವು. ಕೊಳವೆಯೊಳಗಿನ ಚೂರು ಗಸಿಯಾಗಿತ್ತು. ಸಣ್ಣ ಹವಳಗಳು ಪೂರ್ತಿ ಬಿಳಿಚಿ ಸುಣ್ಣದ ಕಲ್ಲಿನ ಹಾಗಾಗಿದ್ದವು. ನೇರಳೆ ಹವಳದ ಬೆರಳುಗಳೂ ತುದಿಯಿಂದ ನಡುವಿನ ತನಕ ಬೆಳ್ಳಗಾಗಿ, ಬುಡದಲ್ಲಿ ಮಾತ್ರ ಬಣ್ಣ ಉಳಿದಿತ್ತು.

ರಘುನಾಥ್ ಕೌಂಟರಿನ ಫೋನಿನಲ್ಲಿ ಅಂಜನ್‌ನನ್ನು ಹಿಡಿದ. ಗ್ಯಾಸ್ ನಿಲ್ಲಿಸಿ, ಕಿಟಕಿ ಎಲ್ಲಾ ತೆಗೀರಿ, ಗಾಳಿ ಪಂಪು ಹಾಕಿ, ಉಪ್ಪು ನೀರು ಒಂದಷ್ಟು ಬದಲಾಯಿಸಿ ಅಂದ ಅಂಜನ್. ಆಮೇಲೆ ಕೇಳಿದ, "ತಿರುಪು ಯಾರಾದ್ರೂ ಮುಟ್ಟಿದ್ರಾ?"

ರಘುನಾಥ್ ಫೋನು ಹಿಡಿದುಕೊಂಡೇ, ಸುದ್ದಿ ಕೇಳಿ ಓಡಿಬಂದಿದ್ದ ಗಂಡಹೆಂಡತಿ ಇಬ್ಬರ ಮುಖ ನೋಡಿದ. ಮುಖ ಇಳಿಬಿಟ್ಟುಕೊಂಡು ನಿಂತ ಗಂಡನನ್ನು ನೋಡಿ ಕಾಳಕ್ಕನೇ ಮುಂದೆ ಬಂದಳು.

"ಹೂಂ ಕಣಪ್ಪಾ," ಅಂದಳು, "ನಾವು ಮುಟ್ಟಿದೀವಿ."

'ನಾವು' ಅಂದಳು. 'ಅವನು' ಅಂತ ಅನ್ನಲಿಲ್ಲ.

ರಘುನಾಥ್ ಕೂಗಾಡುವ ಮನುಷ್ಯನಲ್ಲ. ಅದೇ ಕಷ್ಟ. "ನೋಡು ಸಣ್ಣಪ್ಪ, ಯುಗಾದಿ ಕಳೆದ ಮೇಲೆ ಅಂಜನ್ ಬರ್ತಾನೆ. ಅಷ್ಟೊತ್ತಿಗೆ ಆ ನೇರಳೇದು ಉಳಿದಿದ್ರೆ ಸರಿ. ಇಲ್ಲಾಂದ್ರೆ ಇದನ್ನ ತೆಗೆಸಿ ಐಸ್‌ಕ್ರೀಮ್ ಪೆಟ್ಟಿಗೆ ಇಡ್ತೀನಿ. ಆಮೇಲೆ ಗ್ಯಾಸಿನ ಕೆಲಸ ಇರಲ್ಲ. ಅಂಗಡೀನೂ ನೀವು ಬೇರೆ ಕಡೆ ನೋಡ್ಕಬೇಕಾಗ್ತೈತೆ."

ಬೇರೆ ಕಡೆ ಅಂದರೆ ಎಲ್ಲಿ? ಆ ವಯಸ್ಸಿನಲ್ಲಿ ಸಿಲಿಂಡರು ಹೊತ್ತು ಹರಿಯಬ್ಬೆಗೆ ಹೋಗುವುದೆ? ಕಾಳಕ್ಕ ಸೆರಗು ಸಿಕ್ಕಿಸಿಕೊಂಡಳು. "ರಘಣ್ಣಾ, ನಾಳೆಯಿಂದ ತಿರುಪು ನಾನು ನೋಡ್ಕಂತೀನಿ. ಆ ಹುಡುಗ ಹೇಳಿದ್ದಕ್ಕಿಂತ ಒಂದು ಗುಳ್ಳೆ ಹೆಚ್ಚಿಲ್ಲ, ಒಂದು ಗುಳ್ಳೆ ಕಮ್ಮಿ ಇಲ್ಲ."

ಅಲ್ಲೇ ಕಾಫಿ ಕುಡಿಯುತ್ತಿದ್ದ ತಿಪ್ಪಯ್ಯ ನಕ್ಕುಬಿಟ್ಟ. "ಕೊಡು ರಘಣ್ಣ, ಕೊಡು. ಕಾಳಕ್ಕನ ಕೈಯಿಂದ ಗ್ಯಾಸೂ ಉದುರಾಕಿಲ್ಲ!"

ಹೊಸ ಚೂರು ತುಂಬಿ ಮತ್ತೆ ಶುರುವಾಯಿತು. ಅಂಜನ್ ಫೋನಿನಲ್ಲಿ ಹೇಳುವುದು, ಇವಳು ಮಾಡುವುದು. ಮೊದಲು ಗುಳ್ಳೆ ಅರ್ಧಕ್ಕರ್ಧ ಕಮ್ಮಿ. ಎರಡು ದಿನ ಕಾಯುವುದು. ಸಣ್ಣ ಗಾಜಿನ ನಳಿಗೆಗೆ ತೊಟ್ಟಿ ನೀರು ಹಾಕಿ, ಶೀಶೆಯ ಔಷಧಿಯನ್ನು ಹನಿಹನಿ ಬಿಟ್ಟು, ನೀಲಿ ಹೋಗಿ ಹಳದಿ ಬರುವ ತನಕ ಎಷ್ಟು ಹನಿ ಅಂತ ಎಣಿಸುವುದು. ಸುಣ್ಣದಂಶ ಹೆಚ್ಚಿದ್ದಷ್ಟೂ ಹನಿ ಹೆಚ್ಚು ಬೇಕು. ಕಾಳಕ್ಕ, ಒಂದು ಅನ್ನುವ ಬದಲು ಲಾಭ ಅನ್ನುವ ಅಳತೆಯವರ ಹಾಗೆ, "ಲಾಭ, ಎರಡು, ಮೂರು" ಅಂತಲೇ ಎಣಿಸುತ್ತಿದ್ದಳು. ಗ್ಯಾಸಿನ ತಿರುಪು ತಿರುಗಿಸಿದ ದಿನ ಕೊಳವೆಯಿಂದ ತೊಟ್ಟಿಗೆ ಹನಿಯುವ ನೀರಿನ ತಿರುಪು ತಿರುಗಿಸಬಾರದು, ನೀರಿನದು ತಿರುಗಿಸಿದ ದಿನ ಗ್ಯಾಸಿನದು ತಿರುಗಿಸಬಾರದು, ಎರಡೂ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಇದು ಅವಳಿಗೆ ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ. ಸಾರಿಗೆ ಉಪ್ಪು ಹುಳಿ ಎರಡನ್ನೂ ಒಟ್ಟಿಗೆ ಸುರಿಯುವ ಹೆಂಗಸು ಯಾವ ಊರಲ್ಲಿದ್ದಾಳೆ?

ಅವಳು ಇನ್ನೊಂದು ಕೆಲಸ ಮಾಡಿದಳು. ಕಂಬಳಿಯಿಂದ ಒಂದು ಎಳೆ ಕರಿ ಉಣ್ಣೆ ಹಿರಿದು ತಿರುಪಿನ ಕುತ್ತಿಗೆಗೆ ಸುತ್ತಿ, ಆಚೆ ಪೈಪಿಗೆ ಗಂಟು ಹಾಕಿದಳು. ತಿರುಪು ಅಲುಗಿದರೆ ಎಳೆ ಕಿತ್ತುಹೋಗಬೇಕು. ಬೆಳಿಗ್ಗೆ ಊದಿನಕಡ್ಡಿ ಹಿಡಿದು ಬಂದ ಸಣ್ಣಪ್ಪ ಆ ಎಳೆ ನೋಡಿದ.

"ನನ್ನ ಮ್ಯಾಲೆ ನಂಬಿಕೆ ಇಲ್ಲೇನೇ ನಿನಗೆ?"

"ನಿನ್ನ ಮ್ಯಾಲೆ ಐತೆ ಮಮತನಪ್ಪಾ. ನಿನ್ನ ಕೈ ಮ್ಯಾಲೆ ಇಲ್ಲ."

ಅಂದಮೇಲೆ ಅವಳಿಗೇ ಕೆಡುಕೆನಿಸಿತು. ಆಡಿದ ಮಾತು ಹಿಂದಕ್ಕೆ ಬರುತ್ತದೆಯೆ? ಸಣ್ಣಪ್ಪ ಊದಿನಕಡ್ಡಿಯನ್ನು ಸಿಲಿಂಡರಿಗೆ ಸಿಕ್ಕಿಸಿ ಆಚೆ ಹೋದ. ಅವತ್ತಿನಿಂದ ಒಳಗೆ ಬರಲಿಲ್ಲ. ಮಾತು ಕಮ್ಮಿಯಾಯಿತು. ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಸೋಡಾ ಮಿಷನ್ನಿನ ಹಿಡಿಯನ್ನು ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಿ ಕೈ ಬಿಡುತ್ತಿದ್ದ. ತಿಪ್ಪಯ್ಯ ಒಂದು ಸೋಡಾ ಕುಡಿದು ಬಾಟಲಿಯನ್ನೇ ದಿಟ್ಟಿಸಿದ. "ಏನ್ ಸಣ್ಣಪ್ಪಾ, ಸಪ್ಪೆ ಐತಲ್ಲೋ? ನೀನೂ ಕಾಳಕ್ಕನ ಕಡೆ ಸೇರಿದ್ಯಾ?" ಸಣ್ಣಪ್ಪ ಖಾಲಿ ಬಾಟಲಿ ಇಸಿದುಕೊಂಡು ತೊಳೆಯಲು ಇಟ್ಟ. ಕಾಳಕ್ಕ ಪಾವಿನ ತಲೆ ಸವರುತ್ತಾ ಇದನ್ನೆಲ್ಲ ಕೇಳಿಸಿಕೊಂಡಳು. ಅಂಗಡಿ ಉಳಿಸಲು ಹೋಗಿ ಅಂಗಡಿಯವನನ್ನೇ ಕಳೆದುಕೊಳ್ಳುತ್ತೀನೇನೋ ಅಂತ ಮೊದಲ ಸಲ ಭಯವಾಯಿತು.

ತೊಟ್ಟಿಯೊಳಗೂ ಸಮಾಧಾನ ಇರಲಿಲ್ಲ. ನೇರಳೆ ಹವಳ ಹಾಗೇ ಇತ್ತು, ಸಾಯಲೂ ಇಲ್ಲ, ಬದುಕಿದ ಗುರುತೂ ಇಲ್ಲ. ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದು ಹೋಟೆಲ್ ಖಾಲಿಯಾಗಿದ್ದಾಗ ಕಾಳಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬುಡದ ಉಳಿದ ಬಣ್ಣದ ಮೇಲೆ ಏನೋ ಆಡಿದ ಹಾಗಾಯಿತು. ಕಣ್ಣು ಕಿರಿದು ಮಾಡಿ ನೋಡಿದಳು. ಸಾಸಿವೆಗಿಂತ ಚಿಕ್ಕ ಬಾಯಿಗಳು. ಒಂದೊಂದು ಬಾಯಿಯ ಸುತ್ತ ರೋಮದಂಥ ಬೆರಳುಗಳು ಹೊರಗೆ ಚಾಚಿ, ನೀರಿನಲ್ಲಿ ತಡಕಾಡುತ್ತಿದ್ದವು. ಗಿಡ ಅಲ್ಲಕ್ಕ, ಪ್ರಾಣಿ ಅಂತ ಅಂಜನ್ ಹೇಳಿದಾಗ ಅವಳು ನಂಬಿರಲಿಲ್ಲ. ಈಗ ಕಂಡಿತು. ಹಸಿದಿದೆ. ಕೇಳುತ್ತಿದೆ.

"ಅಯ್ಯೋ ನನ್ನವ್ವಾ," ಅಂದಳು.

ಕೈ ತಾನಾಗೇ ತಿರುಪಿನ ಮೇಲೆ ಹೋಯಿತು. ಕೂದಲೆಳೆಯಷ್ಟು. ಒಂದೇ ಗುಳ್ಳೆಯಷ್ಟು. ಯಾರು ನೋಡುತ್ತಾರೆ? ಜೀವಮಾನದಲ್ಲಿ ಒಬ್ಬರಿಗೂ ಒಂದು ಕಾಯಿ ಹೆಚ್ಚಿಗೆ ಹಾಕದ ಕೈ ಅದು, ಹಾಕಲೇಬೇಕು ಅಂತ ತುಡಿಯುತ್ತಿತ್ತು. ಬೆರಳಿಗೆ ಉಣ್ಣೆಯ ಎಳೆ ತಾಕಿತು. ತಾನೇ ಕಟ್ಟಿದ್ದು. ಕಾಳಕ್ಕ ಹಾಗೇ ಕೂತಳು, ಕೈ ತೆಗೆಯಲಾಗದೆ, ತಿರುಗಿಸಲಾಗದೆ. ಆ ಮನುಷ್ಯನಿಗೆ ದಿನಾ ಬೆಳಿಗ್ಗೆ ಆಗುತ್ತಿದ್ದುದು ಇದೇ ಅಲ್ಲವೆ? ಬಂದವರ ಬಾಯಿ ನೋಡಿದಾಗಲೆಲ್ಲ ಅವನಿಗೆ ಹೀಗೇ ಆಗುತ್ತದೆ. ಮೊರದಲ್ಲಿ ರಾಗಿ ಮೊಗೆಯುವಾಗಲೂ ಹೀಗೇ ಆಗಿರಬೇಕು. ಇಷ್ಟು ವರ್ಷ ಅದನ್ನು ಅವನ ದಡ್ಡತನ ಅಂದುಕೊಂಡಿದ್ದಳು. ಹಾಗಂತ ತಿರುಗಿಸುವ ಹಾಗಿಲ್ಲ. ಅತಿಯಾದರೆ ಅಮೃತವೂ ವಿಷ, ಕಣ್ಣೆದುರಿಗೇ ಆಗಿಹೋಗಿದೆ. ಅವಳು ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಳು ಬಂತು. ಅತ್ತಳು. ಮಾಣಿ ಟೇಬಲ್ ಒರೆಸಲು ಬಂದಾಗ ಎದ್ದು ಹೋಗಿ ಕಡ್ಲೆಕಾಯಿ ಬುಟ್ಟಿಯ ಹತ್ತಿರ ಕೂತಳು.

ಯುಗಾದಿ ಕಳೆಯಿತು. ಅಂಜನ್ ಬಂದ. ಭೂತಗನ್ನಡಿ ಹಿಡಿದು ತೊಟ್ಟಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ. ರಘುನಾಥ್ ಅವನ ಹಿಂದೆ, ಕಾಳಕ್ಕ ರಘುನಾಥನ ಹಿಂದೆ. ಸಣ್ಣಪ್ಪ ಒಳಗೆ ಬರಲಿಲ್ಲ, ಬೇವಿನ ಮರದ ಕೆಳಗೆ ಮಿಷನ್ನಿಗೆ ಬೆನ್ನು ಕೊಟ್ಟು ನಿಂತಿದ್ದ.

"ಇಲ್ನೋಡಿ ಸಾರ್," ಅಂದ ಅಂಜನ್. ಬುಡದ ನೇರಳೆ ಬೆಳ್ಳಗಾದ ಬೆರಳಿನ ಮೇಲಕ್ಕೆ ಹತ್ತುತ್ತಿತ್ತು, ಒದ್ದೆ ನೆಲದ ತೇವ ಗೋಡೆಗೆ ಏರುವ ಹಾಗೆ. ಕೆಳಗೆ ಕಲ್ಲಿನ ಮೇಲೂ ಹೊಸದಾಗಿ ಒಂದು ಅಂಚು ಹರಡಿತ್ತು. "ಬದುಕಿದೆ. ಬದುಕಿರೋದೇನು, ಬೆಳೀತಾ ಇದೆ. ಇನ್ನು ಮೇಲೆ ಒಂದು ಗುಳ್ಳೆ ಹೆಚ್ಚು ಮಾಡಬಹುದು ಅಕ್ಕ, ತಿಂಗಳಿಗೊಂದು."

ರಘುನಾಥ್ ಉಸಿರು ಬಿಟ್ಟ. "ಅಂಗಡಿ ಎಲ್ಲೂ ಹೋಗಲ್ಲ ಕಾಳಕ್ಕ. ತಿರುಪು ನಿಮ್ಮ ಕೈಯಾಗೇ ಇರ್ಲಿ." ತಿಪ್ಪಯ್ಯ ಕಾಫಿ ಲೋಟ ಇಳಿಸಿ ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಬಿಸಿಲಿಗೆ ಬಂದು ಸೀದಾ ಗಂಡನ ಮುಂದೆ ನಿಂತಳು.

"ಉಳೀತು," ಅಂದಳು.

"ಒಳ್ಳೇದಾತು ಬಿಡು." ಅವನು ಮುಖ ಎತ್ತಲಿಲ್ಲ. "ನಿನ್ನ ಕೈ ಉಳಿಸ್ತು."

"ನನಗೊಂದು ಸೋಡಾ ಮಾಡು."

ಸಣ್ಣಪ್ಪ ತಲೆ ಎತ್ತಿದ. ತಪ್ಪಾಗಿ ಕೇಳಿಸಿತೇನೋ ಅನ್ನುವ ಹಾಗೆ ನೋಡಿದ. ಕಾಳಕ್ಕ ಅಲ್ಲೇ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂತಳು. ಅವನು ಬಾಟಲಿ ತೊಳೆದ, ನೀರು ತುಂಬಿದ, ಪೆಟ್ಟಿಗೆಗೆ ಸಿಕ್ಕಿಸಿದ, ಗ್ಯಾಸು ಬಿಟ್ಟು ಹಿಡಿ ತಿರುಗಿಸಿದ. ಎಷ್ಟು ಬೇಕೋ ಅಷ್ಟು ಸುತ್ತಾದ ಮೇಲೆ, ಈಗೀಗ ಕಲಿತುಕೊಂಡ ಹಾಗೆ, ಕೈ ನಿಲ್ಲಿಸಿದ.

"ಯಾಕ್ ನಿಲ್ಸಿದೆ?" ಅಂದಳು ಕಾಳಕ್ಕ. "ನನ್ನ ಕೊಸರು ಎಲ್ಲಿ?"

ಅವನು ಹಿಡಿ ಹಿಡಿದುಕೊಂಡು ಹಾಗೇ ನಿಂತ. ಹುಬ್ಬಿನ ಮೇಲಿನ ಹಳೇ ಹೊಲಿಗೆಯ ಗುರುತು ಅಲ್ಲಾಡಿತು. ಆಮೇಲೆ ಒಂದು ಸುತ್ತು ಹಾಕಿದ. ಎರಡು ಹಾಕಿದ. ತಡೆಯಲಾರದೆ ಮೂರನೆಯದನ್ನೂ ಹಾಕಿದ. ಗೋಲಿ ಒತ್ತಿದಾಗ ಬುಸ್ಸೆಂದು ನೊರೆ ಅವನ ಮೊಣಕೈ ತನಕ ಹಾರಿತು.

ಕಾಳಕ್ಕ ಒಂದು ಗುಟುಕು ಕುಡಿದಳು. ಮೂಗಿಗೇರಿತು, ನೆತ್ತಿಗೇರಿತು, ಕೆಮ್ಮು ಬಂತು, ಕಣ್ಣಲ್ಲಿ ದಳದಳ ನೀರಿಳಿಯಿತು. "ಥೂ! ಇದನ್ನೇನಪ್ಪಾ ಜನ ದುಡ್ಡು ಕೊಟ್ಟು ಕುಡೀತಾರೆ!" ಅಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದು ಹನಿಯೂ ಉಳಿಸದೆ ಕುಡಿದು, ಖಾಲಿ ಬಾಟಲಿಯನ್ನು ಅವನ ಕೈಗೆ ಕೊಟ್ಟಳು.